ಮೆಟ್ನರ್ ಮತ್ತು ಮೈಸೂರು

ಸಂಗೀತಗಾರನಿಗೆ ಬಡತನಕ್ಕಿಂತ ದೊಡ್ಡ ಕಷ್ಟವೊಂದುಂಟು: ತನ್ನ ಕೃತಿಗಳನ್ನು ಕೇಳುವವರಿಲ್ಲದಿರುವುದು. ರಷ್ಯದ ನಿಕೊಲಾಯ್ ಮೆಟ್ನರ್ ಈ ಎರಡನ್ನೂ ಉಂಡವರು. ಅವರ ನಾದ ನಮ್ಮ ಕಾಲದವರೆಗೆ ಉಳಿದುಬಂದುದರಲ್ಲಿ ಮೈಸೂರಿನ ಪಾಲೂ ಇದೆಯೆಂಬುದು ಹಲವರಿಗೆ ಹೊಸ ಸಂಗತಿಯಾದೀತು.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಪಿಯಾನೋ ಕಲಿತು 1900ರಲ್ಲಿ ಹೊರಬಂದರು. ವಾದಕರಾಗಿ ಕೀರ್ತಿ ಗಳಿಸುವ ದಾರಿ ತೆರೆದಿದ್ದರೂ ಅವರ ಮನಸ್ಸು ರಚನೆಯತ್ತ ಒಲಿಯಿತು. ಕ್ರಾಂತಿಯ ಅನಂತರ, 1921ರಲ್ಲಿ, ತಾಯ್ನಾಡನ್ನು ಬಿಟ್ಟರು. ಜರ್ಮನಿ, ಫ್ರಾನ್ಸುಗಳಲ್ಲಿದ್ದು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲಸಿದರು. ಪೂರ್ವಿಕರ ನಾದನಿಯಮಗಳಿಗೆ ನಿಷ್ಠರಾದ ಅವರಿಗೆ ಹೊಸತನದ ಅಬ್ಬರದ ಆ ಕಾಲ ಒಗ್ಗಲಿಲ್ಲ. ರಾಖ್ಮಾನಿನಾಫ್‌ನಂಥ ಮಹಾವಾದಕ ತನ್ನ ನಾಲ್ಕನೆಯ ಕನ್ಸರ್ಟೋವನ್ನು ಈ ಗೆಳೆಯನಿಗೆ ಅರ್ಪಿಸಿದ್ದುಂಟು. ಆದರೂ ಸಭೆಗಳು ಬೆಳೆಯಲಿಲ್ಲ. ಯುದ್ಧ ಬಂದಿತು, 1942ರಲ್ಲಿ ಹೃದ್ರೋಗವೂ ಬಂದಿತು.

ಇತ್ತ ಜಯಚಾಮರಾಜ ಒಡೆಯರು 1940ರಲ್ಲಿ, 21ನೆಯ ವಯಸ್ಸಿನಲ್ಲಿ, ಮೈಸೂರಿನ ಸಿಂಹಾಸನವನ್ನೇರಿದ್ದರು. ಪಿಯಾನೋ ವಾದಕರಾಗಬೇಕೆಂಬ ಅವರ ಹಂಬಲಕ್ಕೆ ರಾಜ್ಯಭಾರ ಎಡೆಗೊಡಲಿಲ್ಲ. ತಾವು ಏರಲಾಗದ ವೇದಿಕೆಯನ್ನು ಅವರು ಮತ್ತೊಬ್ಬರಿಗೆ ಕಟ್ಟಿಕೊಟ್ಟರು. ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಲು ಬೇಕಾದ ಹಣವನ್ನು ಅರಮನೆ ಒದಗಿಸಿತು. ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದ ಜೊತೆಗೂಡಿತು. ಎರಡನೆಯ, ಮೂರನೆಯ ಕನ್ಸರ್ಟೋಗಳಲ್ಲಿ ಆ ವೃಂದವನ್ನು ನಡೆಸಿದವರು ರಷ್ಯದಲ್ಲೇ ಹುಟ್ಟಿದ ಇಸ್ಸೈ ದೊಬ್ರೊವೆನ್. ಮೂರನೆಯ ಕನ್ಸರ್ಟೋ ಮೈಸೂರಿನ ಮಹಾರಾಜರಿಗೇ ಅರ್ಪಿತವಾಯಿತು.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಆಸ್ಥಾನದ ವಿದ್ವಾಂಸನನ್ನು ಪೋಷಿಸಿದರೆ ಅವನ ಗಾಯನ ಆಸ್ಥಾನದಲ್ಲೇ ಕೇಳಿಸುತ್ತದೆ. ದೊರೆಗೆ ಕಣ್ಣೆದುರಿನ ಫಲ. ಇಲ್ಲಿ ಕೊಟ್ಟದ್ದು ದೂರದ ಊರಿನ, ಸಭೆಯಿಲ್ಲದ, ಮುಪ್ಪಡರಿದ ಪರದೇಶಿಗೆ. ಕಾಲವೂ ಹೆಚ್ಚು ಉಳಿದಿರಲಿಲ್ಲ. 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡರು. ನೆರವು ಕೆಲವೇ ವರ್ಷ ತಡವಾಗಿದ್ದರೆ, ಬರೆದಿಟ್ಟ ಸ್ವರಗಳು ಉಳಿಯುತ್ತಿದ್ದವು. ಅವರ ಬೆರಳುಗಳು ಆ ಸ್ವರಗಳಿಗೆ ತುಂಬಿದ ಉಸಿರಿನ ಬಹುಪಾಲು ಉಳಿಯುತ್ತಿರಲಿಲ್ಲ.

ಒಡೆಯರು ಮುಂದೆ ಕರ್ಣಾಟಕ ಸಂಗೀತದತ್ತ ತಿರುಗಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವು ನಮ್ಮ ಕಚೇರಿಗಳಲ್ಲಿ ಕೇಳಿಬರುತ್ತವೆ. ರಾಜ್ಯ ಹೋಯಿತು, ಪದವಿ ಹೋಯಿತು, 1974ರಲ್ಲಿ ದೊರೆಯೂ ಹೋದರು. ತಮ್ಮ ನಾದವನ್ನೂ ಪರರ ನಾದವನ್ನೂ ಸಮನಾಗಿ ಕಾಪಾಡಿದ ಅವರ ಕಿವಿಯ ಔದಾರ್ಯ ಮಾತ್ರ ಆ ತಟ್ಟೆಗಳಲ್ಲಿ ಇನ್ನೂ ಇದೆ.