ಕ್ರೈಸ್ತರ ದೇವನಿಗೆ ದೇಹವಿದೆಯೇ?



ಕ್ರೈಸ್ತ ಬಾಂಧವರ ಕುರಿತು ನಮ್ಮಲ್ಲಿ ಹಲವರು ಆಡುವ ಮಾತೊಂದಿದೆ: ‘ಅವರ ದೇವನಿಗೆ ಕೈಕಾಲುಗಳಿವೆ, ಬಿಳಿಯ ಗಡ್ಡವಿದೆ.’ ಆಧಾರವೇನೆಂದು ಕೇಳಿದರೆ ಯಾವುದೋ ಕ್ಯಾಲೆಂಡರಿನ ಚಿತ್ರದತ್ತ ಬೊಟ್ಟು ಮಾಡಲಾಗುತ್ತದೆ. ರೋಮಿನ ಸಿಸ್ಟೈನ್ ಪ್ರಾರ್ಥನಾ ಮಂದಿರದ ಛಾವಣಿಯಲ್ಲಿ ಮೈಕೆಲೇಂಜೆಲೊ 1508ರಿಂದ 1512ರ ನಡುವೆ ದೇವನನ್ನು ಹಾಗೆಯೇ ಚಿತ್ರಿಸಿರುವುದು ನಿಜ. ಆದರೆ ಅದೇ ಕೆಥೊಲಿಕ್ ಸಭೆಯು 1563ರಲ್ಲಿ, ಇಂತಹ ಚಿತ್ರಗಳನ್ನು ನೋಡಿ ದೇವನು ಕಣ್ಣಿಗೆ ಕಾಣುವವನೆಂದು ಜನರು ಭಾವಿಸದಂತೆ ಬೋಧಿಸಬೇಕೆಂದು ಟ್ರೆಂಟ್ ಧರ್ಮಸಭೆಯಲ್ಲಿ ವಿಧಿಸಿತು. ಒಂದು ಸಮುದಾಯದ ವಿಶ್ವಾಸವನ್ನು ಗೋಡೆಯ ಚಿತ್ರದಿಂದ ಅಳೆಯುವುದು ನ್ಯಾಯವಲ್ಲ. ನಮ್ಮ ಧರ್ಮವನ್ನು ಯಾರಾದರೂ ಹಾಗೆ ಅಳೆದರೆ ನಾವು ಸಹಿಸುತ್ತೇವೆಯೇ?

ಅವರ ವಿದ್ವಾಂಸರ ಉತ್ತರ ಸ್ಪಷ್ಟವಿದೆ. ದೇವನು ಆತ್ಮಸ್ವರೂಪನೆಂದು ಯೋಹಾನನ ಸುವಾರ್ತೆಯ 4ನೇ ಅಧ್ಯಾಯವು ಹೇಳುತ್ತದೆ. 13ನೇ ಶತಮಾನದ ಥಾಮಸ್ ಅಕ್ವಿನಾಸ್‌ರು ದೇವನು ಶರೀರಿಯೇ ಎಂಬ ಪ್ರಶ್ನೆಯನ್ನೇ ನೇರವಾಗಿ ಎತ್ತಿ ‘ಅಲ್ಲ’ ಎಂದರು. ಶರೀರವೆಂದ ಮೇಲೆ ಅದನ್ನು ವಿಭಜಿಸಬಹುದು, ಕದಲಿಸಬಹುದು. ಸೃಷ್ಟಿಕರ್ತನಿಗೆ ಇವೆರಡೂ ಸಲ್ಲವೆಂಬುದು ಅವರ ವಾದ. ಇಂಗ್ಲೆಂಡಿನ ಸಭೆಯು 1571ರಲ್ಲಿ ಅಂತಿಮಗೊಳಿಸಿದ 39 ವಿಧಿಗಳಲ್ಲಿ ಮೊದಲನೆಯದೂ ದೇವನಿಗೆ ದೇಹವಿಲ್ಲ, ಅಂಗಾಂಗಗಳಿಲ್ಲ ಎಂದೇ ಸಾರುತ್ತದೆ.

ಈ ನಿಲುವು ಸುಲಭವಾಗಿ ನೆಲೆಗೊಂಡದ್ದಲ್ಲ. ದೇವನು ತನ್ನ ಸ್ವರೂಪದಲ್ಲಿ ಮನುಷ್ಯನನ್ನು ಸೃಷ್ಟಿಸಿದನೆಂದು ಆದಿಕಾಂಡದಲ್ಲಿದೆ. ಈಜಿಪ್ಟಿನ ಮರುಭೂಮಿಯ ಅನೇಕ ಸಂನ್ಯಾಸಿಗಳು ಇದನ್ನು ಅಕ್ಷರಶಃ ನಂಬಿದ್ದರು. ಕ್ರಿ.ಶ. 399ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಥಿಯೋಫಿಲಸ್ ತನ್ನ ಈಸ್ಟರ್ ಪತ್ರದಲ್ಲಿ ಈ ನಂಬಿಕೆಯನ್ನು ಖಂಡಿಸಿದನು. ಸೆರಾಪಿಯನ್ ಎಂಬ ವೃದ್ಧ ಸಂನ್ಯಾಸಿಯ ವೃತ್ತಾಂತವನ್ನು ಜಾನ್ ಕ್ಯಾಸಿಯನ್ ದಾಖಲಿಸಿದ್ದಾನೆ. ಪಂಡಿತನೊಬ್ಬನ ವಿವರಣೆಗೆ ಆ ವೃದ್ಧನು ತಲೆದೂಗಿದನು. ಆದರೆ ಪ್ರಾರ್ಥನೆಗೆ ನಿಂತಾಗ ಅಷ್ಟು ಕಾಲ ಮನದಲ್ಲಿದ್ದ ರೂಪವು ಅಳಿಸಿ ಹೋಗಿತ್ತು. ತನ್ನ ದೇವನನ್ನು ಕಸಿದುಕೊಂಡರು, ಇನ್ನು ಯಾರನ್ನು ಆರಾಧಿಸಲಿ ಎಂದು ನೆಲಕ್ಕೆ ಬಿದ್ದು ಅತ್ತನಂತೆ. ವಾದದಲ್ಲಿ ಸೋತವನ ಈ ಅಳುವನ್ನು ಓದಿ ನಗಲು ಮನಸ್ಸಾಗುವುದಿಲ್ಲ. ಇತ್ತ ಸಂನ್ಯಾಸಿಗಳು ರೊಚ್ಚಿಗೆದ್ದು ನಗರಕ್ಕೆ ನುಗ್ಗಿದಾಗ ಬಿಷಪ್‌ನು ಅವರ ಪಕ್ಷಕ್ಕೇ ವಾಲಿ, ನಿರಾಕಾರ ದೇವನನ್ನು ಬೋಧಿಸಿದವರನ್ನು ಬೇಟೆಯಾಡತೊಡಗಿದನು. ಧರ್ಮಪೀಠದ ರಾಜಕೀಯವು ಹೊಸತೇನಲ್ಲ!

ಹಾಗಾದರೆ ಭಿನ್ನಾಭಿಪ್ರಾಯವೆಲ್ಲಿದೆ? ಈಸಾರ(ಅ) ವಿಷಯದಲ್ಲಿದೆ. ನಿರಾಕಾರನಾದ ದೇವನ ‘ವಚನ’ವೇ ಮರ್ಯಮರ(ಅ) ಗರ್ಭದಲ್ಲಿ ಮಾನವ ದೇಹವನ್ನು ಧರಿಸಿತೆಂದು ಕ್ರೈಸ್ತರು ನಂಬುತ್ತಾರೆ. ಯೇಸುವಿನಲ್ಲಿ ದೈವೀ ಸ್ವಭಾವ ಮತ್ತು ಮಾನವ ಸ್ವಭಾವಗಳೆರಡೂ ಪರಸ್ಪರ ಬೆರೆಯದೆ, ಬೇರ್ಪಡದೆ ಇವೆಯೆಂದು 451ರ ಕಾಲ್ಸಿಡನ್ ಸಭೆಯು ಘೋಷಿಸಿತು. ಅವರ ಪ್ರಕಾರ ಹಸಿವು, ದಣಿವು, ಗಾಯಗಳೆಲ್ಲ ಮಾನವ ಸ್ವಭಾವಕ್ಕೆ ಸೇರಿದವು. ಪುನರುತ್ಥಾನಗೊಂಡ ಆ ದೇಹವು ಈಗಲೂ ಸ್ವರ್ಗದಲ್ಲಿದೆಯೆಂಬುದೂ ಅವರ ವಿಶ್ವಾಸ. ಆದ್ದರಿಂದ ತಂದೆಗೆ ದೇಹವಿಲ್ಲ, ಮಗನು ದೇಹವನ್ನು ಸ್ವೀಕರಿಸಿದನು ಎಂಬುದೇ ಅವರ ಪೂರ್ಣ ಉತ್ತರ. ನಾವು ಇದನ್ನು ಒಪ್ಪುವುದಿಲ್ಲ. ಈಸಾ(ಅ) ಅಲ್ಲಾಹನ ದಾಸರೂ ಪ್ರವಾದಿಯೂ ಆಗಿದ್ದರು. ನೆರೆಮನೆಯ ಕ್ರೈಸ್ತನೊಂದಿಗೆ ಚರ್ಚಿಸುವುದಾದರೆ ಚರ್ಚೆಯು ಇಲ್ಲಿ ನಡೆಯಲಿ. ಅವನು ನಂಬದ ಗಡ್ಡದ ಮುದುಕನನ್ನು ಖಂಡಿಸಿ ಗೆದ್ದೆವೆಂದು ಬೀಗುವುದರಿಂದ ಪ್ರಯೋಜನವೇನು?

ಅಲ್ಲಾಹನ ‘ಕೈ’, ‘ಮುಖ’, ‘ಸಿಂಹಾಸನ’ಗಳ ಉಲ್ಲೇಖ ಪವಿತ್ರ ಕುರ್‌ಆನ್‌ನಲ್ಲಿಯೂ ಇದೆ. ಅವುಗಳ ಅರ್ಥದ ಬಗ್ಗೆ ನಮ್ಮ ವಿದ್ವಾಂಸರಲ್ಲಿಯೂ ಶತಮಾನಗಳ ಕಾಲ ತೀವ್ರ ಜಿಜ್ಞಾಸೆ ನಡೆದಿದೆ. ಸಿಂಹಾಸನಾರೂಢನಾಗುವುದು ‘ಹೇಗೆ’ ಎಂದು ಕೇಳಿದವನನ್ನು ಇಮಾಮ್ ಮಾಲಿಕ್(ರ) ಗದರಿದ್ದರೆಂಬುದು ಪ್ರಸಿದ್ಧ.

ದೇವನಿಗೆ ನಿಜಕ್ಕೂ ದೇಹವಿದೆಯೆನ್ನುವ ಪಂಗಡವೊಂದಿದೆ. ಅದು ಅಮೆರಿಕದ ಮಾರ್ಮನ್ ಸಭೆ. ತಂದೆಗೆ ಮಾಂಸ ಮತ್ತು ಮೂಳೆಗಳ ದೇಹವಿದೆಯೆಂದು ಅದರ ಸ್ಥಾಪಕ ಜೋಸೆಫ್ ಸ್ಮಿತ್ 1843ರಲ್ಲಿ ಬೋಧಿಸಿದನು. ಅವರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ. ಆದರೆ ತಂದೆ, ಮಗ, ಪವಿತ್ರಾತ್ಮರ ಕುರಿತ ಅವರ ಕಲ್ಪನೆಯೇ ಬೇರೆಯೆಂಬ ಕಾರಣಕ್ಕೆ, ಅವರು ನೀಡುವ ದೀಕ್ಷಾಸ್ನಾನವು ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ತೀರ್ಪಿತ್ತಿತು.