ಹೊಳೆಯ ಲೆಕ್ಕ
(ಕಣಿವೆಯ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಜಲವಿಜ್ಞಾನವೆಂದರೆ ಪ್ರಯೋಗಾಲಯದಲ್ಲಿ ಕುಳಿತವರ ವಿದ್ಯೆಯೆಂಬ ಭಾವನೆ ನಮ್ಮಲ್ಲಿದೆ. ಅದರ ಮೂಲಸೂತ್ರವಾದರೋ ಮನೆಯ ಜಮಾಖರ್ಚಿನಷ್ಟೇ ಸರಳವಾದುದು. ಬಿದ್ದ ಮಳೆಯ ಒಂದು ಪಾಲು ಹೊಳೆಯಾಗಿ ಹರಿಯುತ್ತದೆ. ಒಂದು ಪಾಲು ಗಿಡಮರಗಳಿಂದಲೂ ನೆಲದಿಂದಲೂ ಆವಿಯಾಗುತ್ತದೆ. ಉಳಿದದ್ದು ಮಣ್ಣಿನೊಳಗೆ ಇಂಗುತ್ತದೆ. ಈ ಮೂರರ ಮೊತ್ತ ಬಿದ್ದ ಮಳೆಯನ್ನು ಮೀರಲಾರದು. ಯಾವ ಯೋಜನೆಯನ್ನಾದರೂ ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಎತ್ತಿನಹೊಳೆ ಯೋಜನೆಯನ್ನೇ ತೆಗೆದುಕೊಳ್ಳೋಣ. ಸಕಲೇಶಪುರ ಭಾಗದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ 24.01 ಟಿ.ಎಂ.ಸಿ. ನೀರನ್ನು ಬಯಲುಸೀಮೆಗೆ ಒಯ್ಯುವುದು ಅದರ ಉದ್ದೇಶ. ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್. 24.01 ಟಿ.ಎಂ.ಸಿ. ಎಂದರೆ ಸುಮಾರು 68 ಕೋಟಿ ಘನಮೀಟರ್. ಅದನ್ನು ಇಡೀ ಪ್ರದೇಶದ ಮೇಲೆ ಸಮನಾಗಿ ಹರಡಿದರೆ 3.78 ಮೀಟರ್ ಆಳಕ್ಕೆ ನಿಲ್ಲುತ್ತದೆ. ವರ್ಷಕ್ಕೆ 4 ಮೀಟರ್ ಮಳೆ ಸುರಿಯಿತೆಂದೇ ಇಟ್ಟುಕೊಳ್ಳಿ. ಆಗಲೂ ಕಾಡಿಗೆ, ತೋಟಕ್ಕೆ, ಅಂತರ್ಜಲಕ್ಕೆ, ಕೆಳಗಿನ ಹೊಳೆಗೆ ಉಳಿಯುವುದು ಬರೀ 22 ಸೆಂಟಿಮೀಟರ್! ನಿತ್ಯಹರಿದ್ವರ್ಣದ ಕಾಡೊಂದೇ ವರ್ಷಕ್ಕೆ ಸುಮಾರು ಒಂದು ಮೀಟರಿನಷ್ಟು ನೀರನ್ನು ಆವಿಯಾಗಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನವು ಇಲ್ಲಿ ದೊರೆಯಬಹುದಾದ ಒಟ್ಟು ನೀರನ್ನು 9.55 ಟಿ.ಎಂ.ಸಿ. ಎಂದು ಅಂದಾಜಿಸಿತು. ಯೋಜನೆಯ ವೆಚ್ಚದ ಅಂದಾಜು 2014ರಲ್ಲಿ ಸುಮಾರು 12,912 ಕೋಟಿ ರೂಪಾಯಿ ಇದ್ದುದು 2023ರಲ್ಲಿ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯೂ ಆಯಿತು. ವೆಚ್ಚ ಏರಿದಂತೆ ಮಳೆ ಏರುವುದಿಲ್ಲ.

ಮಳೆಗಾಲದ ನೀರು ಸಮುದ್ರಕ್ಕೆ ವ್ಯರ್ಥವಾಗಿ ಸೇರುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಈ ಹಳ್ಳಗಳ ನೀರು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೂ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೂ ಸೇರುತ್ತದೆ. ಮಳೆಗಾಲದ ಪ್ರವಾಹವೇ ಅಳಿವೆಗೆ ಮಣ್ಣನ್ನೂ ಪೋಷಕಾಂಶಗಳನ್ನೂ ಒಯ್ಯುವುದು. ಉಪ್ಪುನೀರನ್ನು ಹಿಂದಕ್ಕೆ ತಳ್ಳುವುದು. ಬೇಸಿಗೆಯ ಹರಿವಾದರೋ ಕಾಡಿನ ಮಣ್ಣು ಹೀರಿಟ್ಟ ನೀರಿನ ಸೋರಿಕೆ. ಕೊಳವೆಗಾಗಿ ಇಳಿಜಾರನ್ನು ಕಡಿದು ಕಾಡನ್ನು ತೆಗೆದಲ್ಲಿ ಇಂಗುವ ಶಕ್ತಿ ಕುಂದುತ್ತದೆ. ತುಂಬೆ ಅಣೆಕಟ್ಟೆಯನ್ನು ನಂಬಿದ ಮಂಗಳೂರು 2016 ಮತ್ತು 2019ರ ಬೇಸಿಗೆಗಳಲ್ಲಿ ಪಾಳಿಯ ಮೇಲೆ ನೀರು ಪಡೆಯಬೇಕಾಯಿತೆಂಬುದನ್ನು ಮರೆಯಬಾರದು.

ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಕುಡಿದವರು ಅವರು. ಅವರೊಡನೆ ನಮಗೆ ಜಗಳವಿಲ್ಲ. ಇಲ್ಲದ ನೀರಿನ ಭರವಸೆ ನೀಡಿದರೆ ವಂಚಿತರಾಗುವವರು ನಮ್ಮಷ್ಟೇ ಅವರೂ ಹೌದು. ಅಲ್ಲಿನ ಕೆರೆಗಳ ಹೂಳೆತ್ತಿ, ರಾಜಕಾಲುವೆಗಳನ್ನು ಬಿಡಿಸಿ, ಅಲ್ಲಿ ಬೀಳುವ ಮಳೆಯನ್ನು ಹಿಡಿಯುವ ಕೆಲಸ ಮೊದಲಾಗಬೇಕು.

ನಾವು ಮಾಡಬೇಕಾದುದೇನು? ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚಿನಲ್ಲಿ ಬರೆದಿಡುವ ರೂಢಿ ಹಳೆಯದು. ಹಳ್ಳದ ಹರಿವನ್ನೂ ಹಾಗೆಯೇ ಬರೆದಿಡೋಣ. ನೇರವಾಗಿ ಹರಿಯುವ ಕಡೆ ಹತ್ತು ಮೀಟರ್ ಗುರುತು ಹಾಕಿ, ಒಣಕಡ್ಡಿಯೊಂದನ್ನು ತೇಲಿಬಿಟ್ಟು, ಅದು ಸಾಗಲು ಹಿಡಿದ ಸೆಕೆಂಡುಗಳಿಂದ ವೇಗವನ್ನು ತಿಳಿಯಬಹುದು. ಅಗಲ, ಸರಾಸರಿ ಆಳ, ವೇಗಗಳನ್ನು ಗುಣಿಸಿ, ತಳದ ನೀರು ನಿಧಾನವಾದುದರಿಂದ ಐದನೆಯ ಒಂದು ಪಾಲನ್ನು ಕಳೆದರೆ ಹರಿವಿನ ಸ್ಥೂಲ ಅಂದಾಜು ದೊರೆಯುತ್ತದೆ. ಹೊಳೆ ಉಕ್ಕುತ್ತಿರುವಾಗ ಯಾರೂ ನೀರಿಗಿಳಿಯಬಾರದು. ದಡದ ಕಂಬದ ಮೇಲಿನ ಮಟ್ಟವನ್ನಷ್ಟೇ ಗುರುತಿಸಿಕೊಂಡರೆ ಸಾಕು.

ನಾಳೆ ಇನ್ನೊಂದು ಹಳ್ಳಕ್ಕೆ ಇನ್ನೊಂದು ಯೋಜನೆ ಬಂದಾಗ ನಮ್ಮ ಬಳಿ ಘೋಷಣೆಯ ಜೊತೆಗೆ ಹತ್ತು ವರ್ಷದ ಅಳತೆಯ ಪುಸ್ತಕವೂ ಇರಲಿ.