ಮುತ್ತಿಗೆಯ ನಡುವೆ ಕೊಂಡ ಹೊಲ

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



‘ನನ್ನ ಧರ್ಮ ಕೊಟ್ಟ ಭರವಸೆ’ ಎಂಬ ಮಾಲಿಕೆಯಲ್ಲಿ ಈ ತಿಂಗಳು ನನ್ನ ಸರದಿ. ಹೋದ ತಿಂಗಳು ವಚನಗಳ ಬಗ್ಗೆ, ಅದಕ್ಕೂ ಮುಂಚೆ ದಾಸರ ಪದಗಳ ಬಗ್ಗೆ ಕೇಳಿದೆವು. ನಾನು ಕ್ರೈಸ್ತಳು. ಗದಗ-ಬೆಟಗೇರಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಮುಂಬಯಿಗೆ ಬಂದವಳು. ಬೈಬಲ್ ಓದಿದ್ದು ಕನ್ನಡದಲ್ಲೇ. ಹಾಗಾಗಿ ಮೊದಲು ಎರಡು ಕನ್ನಡ ಪದಗಳ ವಿಷಯ ಹೇಳಿಬಿಡುತ್ತೇನೆ.

ಹೊರಗೆ ನಾವು ಬಸ್ಸಿನ ನಿರೀಕ್ಷೆಯಲ್ಲಿ, ಪರೀಕ್ಷೆಯ ಫಲಿತಾಂಶದ ನಿರೀಕ್ಷೆಯಲ್ಲಿ ಇರುತ್ತೇವೆ. ಕನ್ನಡ ಬೈಬಲ್ ಈ ‘ನಿರೀಕ್ಷೆ’ಯನ್ನೇ ನಂಬಿಕೆ, ಪ್ರೀತಿಗಳ ಸಾಲಿನಲ್ಲಿ ಕೂರಿಸಿದೆ. ಇನ್ನೊಂದು ಪದ ‘ಸಮಾಧಾನ’. ಅಳುವವರ ಬೆನ್ನು ಸವರಿ ‘ಸಮಾಧಾನ ಮಾಡಿಕೋ’ ಅನ್ನುತ್ತೇವೆ. ಅಂದರೆ, ಅಳು ನಿಲ್ಲಿಸು ಎಂದು. ಬೈಬಲಿನ ಸಮಾಧಾನದ ಹಿಂದೆ ಇರುವುದು ಹೀಬ್ರೂ ಭಾಷೆಯ ‘ಶಾಲೋಮ್’. ಮುರಿಯದೆ, ಕೊರತೆಯಿಲ್ಲದೆ, ಇಡಿಯಾಗಿ ಇರುವುದು ಎಂದು ಅದರ ಅರ್ಥ. ಮನೆ, ಹೊಲ, ಮಕ್ಕಳು, ನೆರೆಹೊರೆ, ದೇವರು ಎಲ್ಲವೂ ಅದರೊಳಗೆ ಬರುತ್ತವೆ. ಅಳು ನಿಂತರೆ ಸಾಲದು, ಅಳಿಸಿದ್ದು ಸರಿಹೋಗಬೇಕು. ದೇವರು ಕೊಟ್ಟಿರುವ ಮಾತು ಇದೇ ಎಂದು ನಾವು ನಂಬುತ್ತೇವೆ.

ಆದರೆ ಆ ಮಾತು ನೆರವೇರುವ ತನಕ ಏನು ಮಾಡುವುದು? ಇದನ್ನು ನನಗೆ ಕಲಿಸಿದವನು ಯೆರೆಮೀಯ ಎಂಬ ಪ್ರವಾದಿ.

ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮನ್ನು ವಶಪಡಿಸಿಕೊಂಡು, ಅಲ್ಲಿಯ ರಾಜನನ್ನೂ ಸಾವಿರಾರು ಜನರನ್ನೂ ಸೆರೆಹಿಡಿದು ಒಯ್ದ. ಊರಲ್ಲಿ ಉಳಿದವರಿಗೆ ಒಂದೇ ಪ್ರಶ್ನೆ, ಅವರು ಯಾವಾಗ ವಾಪಸು ಬರುತ್ತಾರೆ? ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು ನಿಂತು, ಎರಡೇ ವರ್ಷ, ಎಲ್ಲರೂ ಬರುತ್ತಾರೆ ಎಂದ. ಯೆರೆಮೀಯ ಹೊತ್ತಿದ್ದ ಮರದ ನೊಗವನ್ನು ಕಿತ್ತು ಮುರಿದೂ ತೋರಿಸಿದ. ಯೆರೆಮೀಯ ಅವನ ಮಾತಿಗೆ ಮೊದಲು ಹೇಳಿದ್ದು ‘ಆಮೆನ್’, ಹಾಗೇ ಆಗಲಿ ಎಂದು. ಹಾಗಾಗಬೇಕು ಎಂಬ ಆಸೆ ಅವನಿಗೂ ಇತ್ತು. ಆದರೆ ಎರಡು ವರ್ಷದ ಮಾತು ಸುಳ್ಳು ಎಂದು ಅವನಿಗೆ ಗೊತ್ತಿತ್ತು.

ಹನನ್ಯನಂಥವರು ನಮ್ಮ ಮನೆಗಳಿಗೂ ಬರುತ್ತಾರೆ. 2021ರ ಮೇ ತಿಂಗಳಲ್ಲಿ ನನ್ನ ತಂಗಿಯ ಗಂಡ ಕೊರೊನಾದಿಂದ ತೀರಿಕೊಂಡರು. ಬಂದವರು, ಫೋನ್ ಮಾಡಿದವರು, ನಮ್ಮ ಸಭೆಯವರೂ ಸೇರಿ, ‘ಎರಡು ವರ್ಷ ತಡಕೋ, ಎಲ್ಲಾ ಸರಿ ಆಗ್ತದ’ ಎಂದರು. ತಂಗಿ ನನ್ನನ್ನು ಕೇಳಿದಳು, ‘ಅಕ್ಕಾ, ಸರಿ ಆಗೂದು ಅಂದ್ರ ಅವರು ತಿರುಗಿ ಬರೂದೇನು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನ್ ಮೊದಲ ವಾರ ಪಕ್ಕದ ಮನೆಯ ಲಿಂಗಾಯತ ಅಜ್ಜಿ ಬಂದು, ‘ಹುಡುಗೀದು ಎಂಟನೇ ಕ್ಲಾಸಿನ ಪುಸ್ತಕ ತರಿಸೀಯೇನು?’ ಎಂದರಂತೆ. ತರಿಸಿರಲಿಲ್ಲ. ತಾವೇ ಮೊಮ್ಮಗನನ್ನು ಕಳಿಸಿ ತರಿಸಿ, ಸಂಜೆಯವರೆಗೆ ಕೂತು ಒಂದೊಂದಕ್ಕೂ ಖಾಕಿ ಕಾಗದದ ಹೊದಿಕೆ ಹಾಕಿಕೊಟ್ಟರು. ಸಾಂತ್ವನದ ಮಾತು ಒಂದನ್ನೂ ಆಡಲಿಲ್ಲ. ಬರುವ ವರ್ಷ ಒಂದು ಇದೆ ಎಂದು ಆ ಮನೆಯಲ್ಲಿ ಮೊದಲು ನಡೆದುಕೊಂಡವರು ಅವರೇ.

ಯೆರೆಮೀಯ ಸೆರೆಹೋದವರಿಗೆ ಬರೆದ ಪತ್ರದಲ್ಲೂ ಇಂಥದ್ದೇ ಮಾತು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಒಯ್ದಿಟ್ಟ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬುದು ಅದರ ಸಾರಾಂಶ. ಕ್ಷೇಮ ಎಂಬಲ್ಲಿಯೂ ಮೂಲದಲ್ಲಿರುವುದು ಶಾಲೋಮ್. ಶತ್ರುವಿನ ಊರಿಗೂ ಶಾಲೋಮ್! ಬಿಡುಗಡೆಯ ಭರವಸೆಯೂ ಪತ್ರದಲ್ಲಿದೆ, ಆದರೆ ಅವಧಿ 70 ವರ್ಷ. ಓದಿದ ಹೆಂಗಸರು ಲೆಕ್ಕ ಹಾಕಿರುತ್ತಾರೆ. ನಾನು ಹೋಗುವುದಿಲ್ಲ, ಮಗಳೂ ಅನುಮಾನ, ಮೊಮ್ಮಗಳು ಹೋದಾಳು.

ಮುಂಬಯಿಯಲ್ಲಿ ಕೂತು ಈ ಪತ್ರ ಓದುವಾಗ ನನಗೆ ನಮ್ಮವರೇ ಕಾಣುತ್ತಾರೆ. ನಾಲ್ಕು ವರ್ಷ ದುಡಿದು ಊರಿಗೆ ಹೋಗುತ್ತೇನೆ ಎಂದು ಬಂದವರೇ ಇಲ್ಲಿ ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದರು. ಹೋಲಿಕೆಯನ್ನು ಇನ್ನೂ ಎಳೆಯುವುದಿಲ್ಲ. ನಮ್ಮನ್ನು ಯಾರೂ ಸಂಕೋಲೆ ಹಾಕಿ ತರಲಿಲ್ಲ, ರೈಲಿನ ಟಿಕೇಟು ನಾವೇ ತೆಗೆಸಿದ್ದು.

ಈಗ ಹೊಲದ ಕಥೆ. ಹತ್ತು ವರ್ಷ ಕಳೆಯಿತು. ಬಾಬಿಲೋನಿನ ಸೈನ್ಯ ಮತ್ತೆ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಎಂದು ಹೇಳಿದ ತಪ್ಪಿಗೆ ಯೆರೆಮೀಯನನ್ನು ಸ್ವಂತ ರಾಜನೇ ಕಾವಲಿನಲ್ಲಿ ಇಟ್ಟಿದ್ದಾನೆ. ಅಲ್ಲಿಗೆ ಹನಮೇಲ್ ಎಂಬ ದಾಯಾದಿ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ, ಕೊಳ್ಳುವ ಹಕ್ಕು ನಿನ್ನದೇ ಅನ್ನುತ್ತಾನೆ. ಅನಾತೋತ್ ಇರುವುದು ಕೋಟೆಯ ಆಚೆ, ಶತ್ರುಸೈನ್ಯ ಓಡಾಡುತ್ತಿದ್ದ ಕಡೆ. ಇಂಥ ಹೊತ್ತಿನಲ್ಲಿ ದಾಯಾದಿ ಜಮೀನು ಮಾರಲು ಬಂದರೆ ನಮ್ಮಲ್ಲಿ ಯಾರಾದರೂ ಬಾಗಿಲು ತೆರೆಯುತ್ತೇವೆಯೇ?

ಯೆರೆಮೀಯ ಕೊಂಡ. ಬೆಲೆ 17 ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರಕ್ಕೆ ಸಹಿ, ಸಾಕ್ಷಿಗಳ ಸಹಿ, ಮುದ್ರೆ ಹಾಕಿದ್ದು ಒಂದು, ತೆರೆದದ್ದು ಒಂದು. ಸಬ್ ರಿಜಿಸ್ಟ್ರಾರ್ ಕಚೇರಿ ಕಂಡವರಿಗೆ ಇದು ಹೊಸದಲ್ಲ. ಬೈಬಲ್ ಈ ಕಾಗದಪತ್ರದ ವಿವರಗಳನ್ನು ಒಂದೂ ಬಿಡದೆ ಹೇಳುವುದು ನನಗೆ ಬಹಳ ಇಷ್ಟ. ಕೊನೆಗೆ ಲಿಪಿಕಾರ ಬಾರೂಕನನ್ನು ಕರೆದು, ಬಹುಕಾಲ ಉಳಿಯುವಂತೆ ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡು ಎಂದ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುತ್ತದೆ ಎಂಬುದು ದೇವರ ಮಾತು. ಗಡಿಗೆಯ ಬಾಳಿಕೆ ಸಣ್ಣದಲ್ಲ. 1947ರಲ್ಲಿ ಮೃತ ಸಮುದ್ರದ ದಡದ ಗುಹೆಯೊಂದರಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಸುರುಳಿಗಳೂ ಮಣ್ಣಿನ ಗಡಿಗೆಯಲ್ಲೇ ಇದ್ದವು.

ಪತ್ರವನ್ನು ಬಾರೂಕನ ಕೈಗೆ ಕೊಟ್ಟ ಮೇಲೆ ಯೆರೆಮೀಯ ಪ್ರಾರ್ಥಿಸುತ್ತಾನೆ. ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಎಂದು ಶುರುಮಾಡಿ, ಮುಗಿಯುವ ಹೊತ್ತಿಗೆ, ಊರು ಶತ್ರುವಿನ ಪಾಲಾಗಿದೆ, ನೀನೋ ಹೊಲ ಕೊಳ್ಳು ಅಂದಿದ್ದೀ, ಎಂದು ಗೊಣಗುತ್ತಾನೆ. ಅರ್ಥವಾದ ಮೇಲೆ ಕೊಂಡವನಲ್ಲ ಅವನು. ಕೊಂಡ ಮೇಲೂ ಅರ್ಥವಾಗಿರಲಿಲ್ಲ. ದುಃಖದಲ್ಲಿರುವವರಿಗೆ ‘ನಿನ್ನ ನಂಬಿಕೆ ಕಡಿಮೆಯಾಯಿತು’ ಎಂದು ಉಪದೇಶ ಮಾಡುವವರು ಈ ಪ್ರಾರ್ಥನೆಯನ್ನು ಒಮ್ಮೆ ಓದಬೇಕು.

ಯೇಸುವಿನಲ್ಲಿ ಈ ವಾಗ್ದಾನಕ್ಕೆ ದೇವರು ತಾನೇ ಮುಯ್ಯಿ ತೆತ್ತನೆಂದು, ಸಾವನ್ನೂ ಹಿಂದಕ್ಕೆ ತಿರುಗಿಸಿದನೆಂದು ಕ್ರೈಸ್ತರಾದ ನಾವು ನಂಬುತ್ತೇವೆ. ತಂಗಿಯ ಪ್ರಶ್ನೆಗೆ ನನ್ನ ಉತ್ತರ ಈಗ ‘ಹೌದು, ತಿರುಗಿ ಕಾಣುತ್ತೀ’ ಎಂಬುದೇ. ಆದರೆ ಎಷ್ಟು ವರ್ಷ ಎಂದು ನಾನು ಅವಳಿಗೆ ಹೇಳುವುದಿಲ್ಲ. ಅವಳ ಮಗಳ ಕಾಲೇಜು ಫೀಸು ಕಟ್ಟುವ ದಿನ ಜೊತೆಗೆ ಹೋಗುತ್ತೇನೆ.

ಯೆರೆಮೀಯ ಆ ಹೊಲದಲ್ಲಿ ಬಿತ್ತಿದನೆಂದು ಎಲ್ಲೂ ಇಲ್ಲ. ಊರು ಬಿತ್ತು, ದೇವಾಲಯ ಸುಟ್ಟಿತು, ಉಳಿದವರು ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು. ಕ್ರಿಸ್ತಪೂರ್ವ 539ರಲ್ಲಿ ಪರ್ಷಿಯದ ಕೋರೆಷ ಬಾಬಿಲೋನನ್ನು ಗೆದ್ದು, ಯೆಹೂದ್ಯರು ಊರಿಗೆ ಹೋಗಬಹುದೆಂದು ಆಜ್ಞೆ ಹೊರಡಿಸಿದ. ಮರಳಿದವರ ಪಟ್ಟಿ ಎಜ್ರನ ಪುಸ್ತಕದ ಎರಡನೆಯ ಅಧ್ಯಾಯದಲ್ಲಿದೆ. ಹೆಸರು, ಸಂಖ್ಯೆ, ಹೆಸರು, ಸಂಖ್ಯೆ, ಅಷ್ಟೇ. ಬಹಳ ಜನ ಅದನ್ನು ಓದದೆ ಪುಟ ತಿರುಗಿಸುತ್ತಾರೆ. ಅದರಲ್ಲಿ ಒಂದು ಸಾಲು ಅನಾತೋತಿನವರದು. ಬಂದವರು 128 ಜನ.